ಕರೆದ ಮನೆಗಳಿಗೆ ಮತ್ತೊಮ್ಮೆ

ನಾನು ಗೇರಿಲ್ಲದ ಒಂದು ಸಣ್ಣ ಸ್ಕೂಟರ್. ಹುಟ್ಟಿದ್ದು ರಾಜ್ಯದ ಗಡಿಯಾಚೆಯ ಒಂದು ಕಾರ್ಖಾನೆಯಲ್ಲಿ. ಒಂದು ತುದಿಯಿಂದ ಬರಿಯ ಕಬ್ಬಿಣದ ಚೌಕಟ್ಟಾಗಿ ಹೊರಟವನು ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಚಕ್ರ, ಹ್ಯಾಂಡಲ್, ಕನ್ನಡಿ, ಸೀಟು ಎಲ್ಲ ಪಡೆದುಕೊಂಡಿದ್ದೆ. ನನಗೆ ಬಳಿದದ್ದು ಬೂದು ಬಣ್ಣ. ಲಾರಿಯಲ್ಲಿ ನಿಲ್ಲಿಸಿ, ಹಗ್ಗ ಬಿಗಿದು, ಗದಗಿಗೆ ತಂದು ಇಳಿಸಿದರು.

ನನ್ನನ್ನು ಮೊದಲು ಕೊಂಡವರು ಎಸ್ತರ್ ಸಿಸ್ಟರ್. ಆಸ್ಪತ್ರೆಯ ದಾದಿ. ಆರು ವರ್ಷ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಚರ್ಚಿಗೆ, ಚರ್ಚಿನಿಂದ ಮನೆಗೆ ಅವರನ್ನು ಹೊತ್ತೆ. ನಿವೃತ್ತಿಯಾದಾಗ ಅವರು ನನ್ನನ್ನು ಪರಿಚಯದ ಒಬ್ಬ ಹುಡುಗಿಗೆ ಕೊಟ್ಟರು. "ಮಾತ ಕೇಳೂ ಗಾಡಿ ಐತಿ ಇದು. ಹೆದರಬ್ಯಾಡ," ಎಂದು ನನ್ನ ಸೀಟು ತಟ್ಟಿದರು.

ಆ ಹುಡುಗಿಯೇ ದಾಕ್ಷಾಯಣಿ. ಬೆಟಗೇರಿಯವಳು. ರಕ್ತ ತಪಾಸಣೆಯ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸ. ಎದ್ದು ಓಡಾಡಲಾಗದ ರೋಗಿಗಳ ಮನೆಗೇ ಹೋಗಿ ರಕ್ತ ತೆಗೆದು, ಗಾಜಿನ ಸಣ್ಣ ನಳಿಕೆಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ನನ್ನ ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಹುಷಾರಾಗಿ ತರುತ್ತಿದ್ದಳು. ತಗ್ಗು ಬಂದರೆ ನಿಧಾನಿಸುತ್ತಿದ್ದಳು. ಅವಳ ತಾಯಿ ತೀರಿಕೊಂಡಿದ್ದರು. ತಂದೆ ಫಕೀರಪ್ಪ ನಲವತ್ತು ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದವರು. ಕಣ್ಣಿನ ನರ ಒಣಗಿ, ಈಗ ಬೆಳಕು ಯಾವುದು ನೆರಳು ಯಾವುದು ಎನ್ನುವಷ್ಟು ಮಾತ್ರ ಕಾಣುತ್ತಿತ್ತು. ತಂಗಿ ರೇಣುಕಾಳ ಮದುವೆ ಮೊದಲೇ ಆಗಿ ಅವಳು ಇಳಕಲ್ಲಿನಲ್ಲಿದ್ದಳು. ಅಕ್ಕನಿಗಿಂತ ಮೊದಲು ತಂಗಿಯದಾಯಿತೆಂದು ಬಂದವರೆಲ್ಲ ಆಡಿಕೊಂಡರು. ನೋಡಲು ಬಂದ ಗಂಡುಗಳು ಚಹಾ ಕುಡಿದು ಹೋದರು. ಅವರ ಚಪ್ಪಲಿಗಳು ನನ್ನ ಪಕ್ಕದಲ್ಲೇ ಇರುತ್ತಿದ್ದವು. ಮೆಟ್ಟಿಕೊಳ್ಳುವ ಅವಸರ ನೋಡಿಯೇ ನನಗೆ ಉತ್ತರ ಗೊತ್ತಾಗುತ್ತಿತ್ತು.

ಮೂವತ್ಮೂರನೆಯ ವಯಸ್ಸಿಗೆ ಕೊಪ್ಪಳದ ಒಂದು ಸಂಬಂಧ ಕೂಡಿಬಂತು. ಹುಡುಗನ ಹೆಸರು ಮೃತ್ಯುಂಜಯ. ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ತಂದೆಯಿಲ್ಲದ ಮನೆ, ತಾಯಿ ನೀಲವ್ವನ ಮಾತೇ ಅಲ್ಲಿ ಕೊನೆಯದು. ನೀಲವ್ವನಿಗೆ ಹುಡುಗಿ ಒಪ್ಪಿಗೆಯಾಗಿ, ಉಂಗುರ ತೊಡಿಸಿ, ಸಕ್ಕರೆ ಹಂಚಿ, ಮದುವೆಗೆ ಆರು ವಾರದಾಚೆಯ ದಿನ ಗೊತ್ತು ಮಾಡಿದರು. ಮದುವೆ ಗದಗಿನಲ್ಲೇ.

ಮದುವೆ ಮಾಡಿಕೊಡುವವರು ಯಾರು? ತಂದೆಗೆ ಕಣ್ಣಿಲ್ಲ. ರೇಣುಕಾ ಹಸಿ ಬಾಣಂತಿ. ಮದುವಣಗಿತ್ತಿಯೇ ತನ್ನ ಮದುವೆಯ ಕೆಲಸಕ್ಕೆ ನಿಂತಳು. ಲ್ಯಾಬಿನ ವರದಿ ಕಾಗದದ ಹಿಂಬದಿಗೆ ಮಾಡಬೇಕಾದ ಕೆಲಸಗಳನ್ನು ಒಂದರ ಕೆಳಗೊಂದು ಬರೆದಳು. ಮಂಟಪ, ಅಡಿಗೆಯವರು, ಹಂದರ, ಲಗ್ನಪತ್ರಿಕೆ, ಜವಳಿ, ಜಂಪರು, ಬಳೆ, ಹೂವು, ಮದುವೆ ಮಾಡಿಸುವ ಅಯ್ಯನವರು. ಮುಂಜಾನೆ ಲ್ಯಾಬಿಗೆ ಹೋಗುವ ಮೊದಲು ಒಂದು ಕೆಲಸ, ಮಧ್ಯಾಹ್ನದ ಬಿಡುವಿನಲ್ಲಿ ಒಂದು, ಸಂಜೆ ಇನ್ನೊಂದು. ಮುಗಿದದ್ದಕ್ಕೆ ನನ್ನ ಸೀಟಿನ ಮೇಲೆಯೇ ಕಾಗದವಿಟ್ಟು ಗೆರೆ ಎಳೆಯುತ್ತಿದ್ದಳು. ಪೆನ್ನಿನ ಒತ್ತಡ ನನ್ನ ರೆಗ್ಜಿನ್ನಿಗೆ ತಾಗುತ್ತಿತ್ತು.

ಆ ದಿನಗಳಲ್ಲಿ ಅವಳು ಹಾಡು ಗುನುಗುತ್ತಿದ್ದಳು. ನನ್ನ ಎಂಜಿನ್ನಿನ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸುವುದಿಲ್ಲವೆಂಬ ಧೈರ್ಯದಿಂದ.

ಮಂಟಪದ ವ್ಯವಸ್ಥಾಪಕ, "ಹಿರ್‍ಯಾರನ್ನ ಕರಕೊಂಡ ಬರ್ರಿ, ನಿಮ್ಮ ಜೋಡಿ ಏನ ಮಾತಾಡೂದು?" ಎಂದ.

"ಹಿರ್‍ಯಾಕಿನೂ ನಾನ, ಮದಲಗಿತ್ತಿನೂ ನಾನ. ಹೇಳ್ರಿ," ಎಂದಳು.

ಸಂಜೆ ಮನೆಯ ಮುಂದೆ ನಾನು ನಿಂತ ಸದ್ದಾದ ಕೂಡಲೇ ಕಟ್ಟೆಯ ಮೇಲಿನ ಫಕೀರಪ್ಪ ಕತ್ತು ತಿರುಗಿಸುತ್ತಿದ್ದರು. "ಏನೇನ ಆತು ಯವ್ವಾ ಇವತ್ತ?" ಅವಳು ಒಂದೊಂದಾಗಿ ಹೇಳುತ್ತಿದ್ದಳು. ಅವರು ತಲೆಯಾಡಿಸುತ್ತಾ, ಹೇಳಿದ್ದನ್ನೇ ಮತ್ತೊಮ್ಮೆ ಹೇಳಿಸಿಕೊಳ್ಳುತ್ತಿದ್ದರು.

ಜವಳಿಯ ದಿನ ಮೃತ್ಯುಂಜಯ, ಅವನ ತಾಯಿ, ಅವನ ಅಕ್ಕ ಮೂವರೂ ಬಸ್ಸಿನಲ್ಲಿ ಬಂದರು. ದಾಕ್ಷಾಯಣಿ ಅವರನ್ನು ಎದುರುಗೊಳ್ಳಲು ಬಸ್ ನಿಲ್ದಾಣಕ್ಕೆ ಹೋಗಿದ್ದಳು. ತಾಯಿ, ಮಗಳು ಆಟೋ ಹತ್ತಿದರು. ಅಕ್ಕ ನಗುತ್ತಾ ತಮ್ಮನನ್ನು ನನ್ನತ್ತ ದೂಡಿದಳು: "ನೀ ಗಾಡಿ ಮ್ಯಾಲ ಬಾ. ಇಬ್ರೂ ಮಾತಾಡ್ಕೋಂತ ಬರ್ರಿ."

ಅವನು ಹಿಂದಿನ ಸೀಟಿನ ತೀರಾ ತುದಿಗೆ ಕೂತ. ನನ್ನ ಭಾರವೆಲ್ಲ ಹಿಂದಕ್ಕೆ ಎಳೆಯುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ, "ಕೆರಿ ಹತ್ರ ಒಂದ ನಿಮಿಷ ನಿಂದರಸ್ರಿ," ಎಂದ.

ಕೆರೆಯ ದಂಡೆಯಲ್ಲಿ ನನ್ನನ್ನು ನಿಲ್ಲಿಸಿದಳು. ಅವನು ನೀರು ನೋಡುತ್ತಾ ನಿಂತ.

"ಹೊಸಪೇಟ್ಯಾಗ ಒಬ್ಬಾಕಿ ಅದಾಳ," ಎಂದ. "ನಾಕ ವರ್ಷ ಆತು. ಅಕಿನ್ನ ಬಿಟ್ಟ ನಾ ಇರಂಗಿಲ್ಲ. ಅವ್ವಗ ಗೊತ್ತಿಲ್ಲ. ಗೊತ್ತಾದ್ರ ಜೀವಾ ಬಿಡ್ತಾಳ."

ದಾಕ್ಷಾಯಣಿ ನನ್ನ ಹ್ಯಾಂಡಲ್ ಹಿಡಿದುಕೊಂಡೇ ಇದ್ದಳು. ಅವಳ ಹಿಡಿತ ಬಿಗಿಯಾದದ್ದು ನನಗೆ ತಿಳಿಯಿತು.

"ಮತ್ತ ನನ್ನ ನೋಡಾಕ ಯಾಕ ಬಂದ್ರಿ?"

"ಕರಕೊಂಡ ಬಂದ್ರು. ಬಂದೆ."

ಅವನು ದಂಡೆಯ ಒಂದು ಹರಳನ್ನು ಕಾಲಿನಿಂದ ನೀರಿಗೆ ತಳ್ಳಿದ. ಆಮೇಲೆ ಅವನೇ, "ನೀವ ಬ್ಯಾಡ ಅಂದಬಿಡ್ರಿ. ಎಲ್ಲಾ ಮುಗಿತೈತಿ," ಎಂದ.

"ನಾ ಬ್ಯಾಡ ಅಂದ್ರ ನನ್ನ ಮನ್ಯಾಗೂ ಎಲ್ಲಾ ಮುಗಿತೈತಿ. ಸುಳ್ಳ ಹೇಳಿದಾವ್ರು ನೀವು. ನಿಮ್ಮವ್ವಗ ನೀವ ಹೇಳ್ರಿ."

"ಹೇಳ್ತೇನಿ. ಒಂದ ವಾರ ಕೊಡ್ರಿ."

ಅವಳು ಗಾಡಿ ಚಾಲೂ ಮಾಡಿದಳು. ಅವನು ಮತ್ತೆ ಅದೇ ತುದಿಗೆ ಕೂತ. ಅಂಗಡಿಯಲ್ಲಿ ನೀಲವ್ವ ಅಷ್ಟು ಹೊತ್ತಿಗಾಗಲೇ ಹತ್ತು ಸೀರೆ ಬಿಚ್ಚಿಸಿದ್ದರಂತೆ. ಕಡೆಗೆ ಆರಿಸಿದ್ದು ಕೆಂಪಂಚಿನ ಹಸಿರು ಸೀರೆ. ಅದು ನನ್ನ ಡಿಕ್ಕಿಯಲ್ಲಿ ಮನೆಗೆ ಬಂತು. ಫಕೀರಪ್ಪ ಕಟ್ಟೆಯ ಮೇಲೆ ಕೂತು ಸೆರಗನ್ನು ಬೆರಳಲ್ಲಿ ಎಣಿಸಿ ಎಣಿಸಿ ನೋಡಿದರು. "ಕೈಯಾನ ನೇಯ್ಗಿ ಯವ್ವಾ ಇದು. ಮಷಿನ್ನಿಂದಲ್ಲ. ಮಂದಿ ಛಲೋ ಅದಾರ," ಎಂದರು. ದಾಕ್ಷಾಯಣಿ ಹೂಂ ಎಂದಳು.

ಆ ವಾರದ ಕೆಲಸಗಳು ಅವಳಿಗಾಗಿ ಕಾಯಲಿಲ್ಲ. ದಾವಲಸಾಬರ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಅಚ್ಚಾಗಿ ಬಂತು. ತಂದೆಯ ಸಂಜೆಯ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ಹಾಗಾಗಿ ಅವಳು ಪತ್ರಿಕೆಗಳನ್ನು ಡಿಕ್ಕಿಗೆ ತುಂಬಿಕೊಂಡು ಮನೆ ಮನೆಗೆ ಹೊರಟಳು. ನೂರಾ ಹದಿನಾಲ್ಕು ಮನೆ. ಪ್ರತಿ ಮನೆಯ ಮುಂದೆ ನನ್ನನ್ನು ನಿಲ್ಲಿಸಿ ಮೊದಲು ಫೋನು ನೋಡುತ್ತಿದ್ದಳು, ಆಮೇಲೆ ಕುಂಕುಮ ಹಚ್ಚಿದ ಪತ್ರಿಕೆ ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು. ಗುನುಗುವುದು ನಿಂತಿತ್ತು. ಅವಳು ಮಾಡಿದ ಕರೆಗಳನ್ನು ಮೃತ್ಯುಂಜಯ ಎತ್ತುತ್ತಿರಲಿಲ್ಲ.

ವಾರ ಕಳೆದು ಎರಡು ದಿನವಾದವು. ಬಳೆ ಇಡಿಸುವ ದಿನ ಬಂತು. ಬಳೆಗಾರ್ತಿ ಮನೆಗೇ ಬಂದು, ಓಣಿಯ ಹೆಂಗಸರ ನಡುವೆ, ಮುಂಗೈಗೆ ಸೋಪು ಹಚ್ಚಿ ಹಸಿರು ಬಳೆಗಳನ್ನು ಬಿಗಿಯಾಗಿ ಏರಿಸಿದಳು. "ಬಿಗಿ ಇದ್ದಷ್ಟ ಛಲೋ. ಗಂಡ ಬಿಗಿ ಹಿಡದ ನೋಡ್ಕೋತಾನ," ಎಂದಳು. ಹೆಂಗಸರು ನಕ್ಕರು.

ಮರುದಿನ ಲ್ಯಾಬಿನ ಮುಂದೆ, ಅವಳು ನನ್ನ ಪಕ್ಕದಲ್ಲಿ ನಿಂತು ಕರೆ ಮಾಡಿದಾಗ, ಅವನು ಕಡೆಗೂ ಎತ್ತಿದ. ಅವಳು ಫೋನನ್ನು ಸೀಟಿನ ಮೇಲೆ ಇಟ್ಟು, ಸದ್ದು ದೊಡ್ಡದು ಮಾಡಿ ಮಾತಾಡಿದಳು; ಕೈಯಲ್ಲಿ ನಳಿಕೆಗಳ ಡಬ್ಬಿ ಇತ್ತು.

"ಅವ್ವ ಹಂದರ ಹಾಕಿಸ್ಯಾಳ. ನನ್ನ ಕೈಲೆ ಆಗಂಗಿಲ್ಲ," ಎಂದ ಅವನು. "ಮದುವಿ ಆಗೂನು. ನಿಮಗೇನೂ ಕಡಿಮಿ ಮಾಡಂಗಿಲ್ಲ. ಅಕಿನ್ನೂ ಬಿಡಂಗಿಲ್ಲ. ನೀವ ತಿಳಕೋರಿ."

ಅವಳು ಫೋನು ಬಂದ್ ಮಾಡಿದಳು. ಒಳಗೆ ಹೋಗಿ ಆ ದಿನದ ರಕ್ತದ ನಳಿಕೆಗಳಿಗೆಲ್ಲ ಹೆಸರು ಬರೆದು ಮುಗಿಸಿ, ಸಂಜೆ ಮನೆಗೆ ಬಂದಳು.

"ಏನೇನ ಆತು ಯವ್ವಾ?"

ಅವಳು ಕಟ್ಟೆಯ ಮೇಲೆ ತಂದೆಯ ಪಕ್ಕ ಕೂತು ಎಲ್ಲ ಹೇಳಿದಳು. ಫಕೀರಪ್ಪ ಕೇಳಿಸಿಕೊಂಡರು. ಅವರ ಬೆರಳು ಧೋತರದ ಅಂಚನ್ನು ಎಣಿಸುತ್ತಿತ್ತು.

"ಹೇಳಬಾರ್ದಿತ್ತು ನೀ," ಎಂದರು ಕಡೆಗೆ. "ನನಗ ಹೇಳಬಾರ್ದಿತ್ತು. ಮದುವಿ ಆದ ಮ್ಯಾಲ ಗಂಡಸರು ಸರಿ ಆಗ್ತಾರ. ನಾ ಕಣ್ಣ ಮುಚ್ಚೂದ್ರಾಗ ಒಂದ ಆಗಿ ಹೋಗಲಿ ಅಂದ್ರ..."

"ಅಪ್ಪಾ, ನಾ ಅಲ್ಲಿಗೆ ಹೋಗಂಗಿಲ್ಲ."

ಅವರು ಎದ್ದು, ಗೋಡೆ ಸವರುತ್ತಾ ಒಳಗೆ ಹೋದರು.

ಮದುವೆ ಬೇಡವೆಂದು ದಾಕ್ಷಾಯಣಿ ಕಾರಣ ಸಮೇತ ಕೊಪ್ಪಳಕ್ಕೆ ಹೇಳಿ ಕಳಿಸಿದಳು. ಮೂರನೆಯ ದಿನ ಅವರು ಒಂದು ಜೀಪಿನ ತುಂಬ ಬಂದರು. ಓಣಿಯ ಹಿರಿಯರೂ ಸೇರಿದರು. ನಾನು ಕಟ್ಟೆಯ ಬದಿಗೆ ನಿಂತಿದ್ದೆ. ನೀಲವ್ವ ನನ್ನ ಕಡೆ ಬೆರಳು ತೋರಿಸಿ, "ಈ ಗಾಡಿ ಮ್ಯಾಲ ಊರೆಲ್ಲಾ ತಿರಗೂ ಹುಡುಗಿ. ನಾವ ಕಣ್ಣ ಮುಚ್ಚಿ ಒಪ್ಪಿದ್ವಿ. ಈಗ ನನ್ನ ಮಗನ ಮ್ಯಾಲ ತಪ್ಪ ಹೊರಸ್ತಾಳ," ಎಂದರು.

ಹಿರಿಯರೊಬ್ಬರು ಮೃತ್ಯುಂಜಯನನ್ನು ಮುಂದೆ ಕರೆದರು. "ಹುಡುಗಿ ಹೇಳೂದು ಖರೇನ? ದೇವರ ಮುಂದ ನಿಂತಂಗ ಹೇಳಪಾ."

ದಾಕ್ಷಾಯಣಿ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಅವನು ಒಮ್ಮೆ ತಾಯಿಯ ಮುಖ ನೋಡಿದ. "ಅಂಥಾದ್ದೇನೂ ಇಲ್ರಿ," ಎಂದ.

ಅದಾದ ಮೇಲೆ ಅವಳ ಮಾತನ್ನು ಯಾರೂ ಕೇಳಲಿಲ್ಲ. ಸೀರೆ, ಉಂಗುರ ಅವರಿಗೆ ಹಿಂದಕ್ಕೆ ಹೋದವು. ಜೀಪು ತಿರುಗುವಾಗ ನನ್ನ ಎಡಗನ್ನಡಿಗೆ ತಾಗಿ ಅದು ಒಡೆಯಿತು. ಯಾರೂ ಇಳಿದು ನೋಡಲಿಲ್ಲ.

ಮದುವೆಗೆ ಇನ್ನು ಐದು ದಿನ ಉಳಿದಿತ್ತು. ಮಾಡಿದ ಕೆಲಸಗಳನ್ನೆಲ್ಲ ಈಗ ಬಿಡಿಸಬೇಕಿತ್ತು. ಬಿಡಿಸಲೂ ಅವಳನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಮಂಟಪ, ಅಡಿಗೆಯವರು, ಹಂದರದವರು. "ಮುಂದಕ್ಕ ಹಾಕ್ಯಾರೇನ್ರಿ?" ಎಂದು ಕೇಳಿದರೆ, "ಇಲ್ರಿ, ಮುರದೈತಿ," ಎನ್ನುತ್ತಿದ್ದಳು. ಅಷ್ಟೇ. ಆಮೇಲೆ ನೂರಾ ಹದಿನಾಲ್ಕು ಮನೆ. ಫೋನಿನಲ್ಲೇ ಹೇಳಿಬಿಡು ಎಂದು ರೇಣುಕಾ ಇಳಕಲ್ಲಿನಿಂದ ಅಂಗಲಾಚಿದಳು. "ಮನಿಗೆ ಹೋಗಿ ಕರದೇನಿ, ಮನಿಗೇ ಹೋಗಿ ಹೇಳ್ತೇನಿ," ಎಂದಳು ಇವಳು. ಯಾಕೆ ಹಾಗೆ ಹಟ ಹಿಡಿದಳೋ ನನಗೆ ಇಂದಿಗೂ ಪೂರ್ತಿ ಅರ್ಥವಾಗಿಲ್ಲ. ತಾನು ತಪ್ಪು ಮಾಡಿಲ್ಲವೆಂದು ಒಬ್ಬರಾದರೂ ಮುಖ ನೋಡಿ ನಂಬಲಿ ಎಂದಿರಬಹುದು.

ಪತ್ರಿಕೆ ಕೊಡುವಾಗ ಒಳಗೆ ಕರೆದು ಚಹಾ ಕೊಟ್ಟಿದ್ದ ಮನೆಗಳು ಈಗ ಬಾಗಿಲಲ್ಲೇ ಮಾತು ಮುಗಿಸಿದವು. ಕೆಲವರು ಯಾರಿಗೂ ಹೇಳುವುದಿಲ್ಲವೆಂದು ಪಿಸುದನಿಯಲ್ಲಿ ಕಾರಣ ಕೇಳಿದರು. ಹೇಳಿದರೆ, "ಅವ ಇಲ್ಲ ಅಂದ್ನಂತಲ್ಲ?" ಎಂದರು. ಒಬ್ಬ ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ದಾಕ್ಷಾಯಣಿ ಎರಡು ಸಲ ಕೂಗಿ ಹೇಳಿದರೂ ತಿಳಿಯದೆ, ತಲೆಯ ಮೇಲೆ ಕೈಯಿಟ್ಟು, "ಮುತ್ತೈದಿಯಾಗಿ ನೂರ ವರ್ಷ ಬಾಳ ಯವ್ವಾ," ಎಂದರು. ಮೂರನೆಯ ಸಲ ಅವಳು ಕೂಗಲಿಲ್ಲ. ಬಂದು ನನ್ನ ಮೇಲೆ ಕೂತು, ಕೀಲಿ ತಿರುಗಿಸಲು ಬಹಳ ಹೊತ್ತು ತೆಗೆದುಕೊಂಡಳು.

ಬಳೆಗಳು ಮಾತ್ರ ಉಳಿದುಕೊಂಡವು. ಬಿಗಿಯಾಗಿದ್ದರಿಂದ ಬಿಚ್ಚಲು ಬರುತ್ತಿರಲಿಲ್ಲ. ಒಡೆಯಬೇಡವೆಂದು ಓಣಿಯವರು ಹೆದರಿಸಿದ್ದರು. ರಕ್ತ ತೆಗೆಯಲು ಕೈ ಚಾಚಿದರೆ ಝಣಝಣ ಎನ್ನುತ್ತಿದ್ದವು. "ಹೊಸದಾಗಿ ಮದುವಿ ಆಗೈತೇನ್ ಬಾಯಾರ?" ಎಂದು ರೋಗಿಗಳ ಮನೆಯವರು ಬಾಗಿಲವರೆಗೂ ಬಂದು ಕೇಳುತ್ತಿದ್ದರು. ಒಂದು ದಿನ ಕೆರೆಯ ದಂಡೆಯಲ್ಲಿ ನನ್ನನ್ನು ನಿಲ್ಲಿಸಿ, ಕಲ್ಲೊಂದಕ್ಕೆ ಬಡಿದು ಒಂದೊಂದೇ ಬಳೆ ಒಡೆದುಕೊಂಡಳು. ಮುಂಗೈಯಲ್ಲಿ ರಕ್ತ ಬಂತು. ಡಿಕ್ಕಿಯಲ್ಲಿದ್ದ ಲ್ಯಾಬಿನ ಹತ್ತಿಯನ್ನು ಅದಕ್ಕೊತ್ತಿ, ಪಟ್ಟಿ ಅಂಟಿಸಿ, ಮುಂದಿನ ರೋಗಿಯ ಮನೆಗೆ ಹೊರಟಳು.

ಎರಡು ತಿಂಗಳ ಮೇಲೆ ಲ್ಯಾಬಿನ ರಸೀದಿ ಪುಸ್ತಕ ತರಲು ಪ್ರೆಸ್ಸಿಗೆ ಹೋದೆವು. ದಾವಲಸಾಬರು ಪುಸ್ತಕಗಳ ಕಟ್ಟನ್ನು ತಾವೇ ಹೊತ್ತು ತಂದು ನನ್ನ ಮೇಲಿಟ್ಟರು. ಏನೋ ಹೇಳಲು ಹಿಂದೆ ಮುಂದೆ ನೋಡಿ, ಆಮೇಲೆ ಹೇಳಿದರು.

"ಬ್ಯಾರೆ ಯಾರರ ಹೇಳೂದ್ಕಿಂತ ನಾನ ಹೇಳಿದ್ರ ಛಲೋ ಅಂತ... ಆ ಕೊಪ್ಪಳದ ಹುಡುಗಂದ ಲಗ್ನಪತ್ರಿಕಿ ನನ್ನ ಕಡೀನ ಬಂದಿತ್ರಿ ಬಾಯಾರ. ಮುಂಡರಗಿ ಹುಡುಗಿ. ನಿಮ್ಮ ಪತ್ರಿಕೀನ ನಮೂನಿ ಅಂತ ತಂದಿದ್ರು. ಹುಡುಗಿ ಕಡೀ ಹೆಸರ ಅಷ್ಟ ಬದಲಿ ಮಾಡ್ರಿ ಅಂದ್ರು."

"ಮುಂಡರಗಿ?" ಎಂದಳು ದಾಕ್ಷಾಯಣಿ. "ಹೊಸಪೇಟಿ ಅಲ್ಲೇನ್ರಿ?"

"ಅಲ್ರಿ. ಮುಂಡರಗಿ. ಹುಡುಗನ ತಾಯೀನ ನೋಡಿ ಒಪ್ಪಿದ್ದಂತ."

ಅವಳು ನನ್ನ ಮೇಲಿನ ಕಟ್ಟನ್ನು ಹಗ್ಗದಿಂದ ಬಿಗಿದಳು. "ಅಕೀಗೂ ಹೇಳ್ಯಾನೋ ಇಲ್ಲೋ," ಎಂದಳು. ಯಾರ ಬಗ್ಗೆ ಹೇಳಿದಳೋ ನನಗೆ ತಿಳಿಯಲಿಲ್ಲ. ಹೊಸಪೇಟೆಯವಳ ಬಗ್ಗೆಯೋ, ಮುಂಡರಗಿಯವಳ ಬಗ್ಗೆಯೋ.

ಆಮೇಲೆ ಯಾವ ಗಂಡೂ ನೋಡಲು ಬರಲಿಲ್ಲ. ನಾನು ಮನೆ ಮುಂದೆ ನಿಂತ ಸದ್ದಿಗೆ ಫಕೀರಪ್ಪ ಈಗಲೂ ಕತ್ತು ತಿರುಗಿಸುತ್ತಿದ್ದರು, ಆದರೆ ಏನೂ ಕೇಳುತ್ತಿರಲಿಲ್ಲ. ಅವಳು ನೇರವಾಗಿ ಒಳಗೆ ಹೋಗಿ ಒಲೆ ಹಚ್ಚುತ್ತಿದ್ದಳು. ಹಾಗೆಯೇ ನಾಲ್ಕು ವರ್ಷ ನಡೆದು, ಒಂದು ಚಳಿಗಾಲದ ಮುಂಜಾನೆ ಅವರು ಏಳಲಿಲ್ಲ. ಮಣ್ಣಿಗೆ ಬಂದವರು ಅವಳಿಗೆ ಕೇಳುವಂತೆಯೇ, "ಮಗಳ ಚಿಂತ್ಯಾಗ ಹೋದ," ಎಂದರು.

ತಂಗಿಯ ಮಕ್ಕಳನ್ನು ನೋಡಿಕೊಳ್ಳಲು ಅವಳು ಇಳಕಲ್ಲಿಗೆ ಹೊರಟಾಗ ನನಗೆ ವಯಸ್ಸಾಗಿತ್ತು. ಮೊಟ್ಟೆ ಮಾರುವ ಹುಸೇನಬಿ ಎಂಬಾಕೆಗೆ ನನ್ನನ್ನು ಕೊಟ್ಟಳು. "ಮುಂಜಾನಿ ಜಲ್ದಿ ಚಾಲೂ ಆಗಂಗಿಲ್ಲ, ಬೈಬ್ಯಾಡ್ರಿ. ಬ್ರೇಕ್ ಸಣ್ಣಗ ಹಿಡೀರಿ," ಎಂದಷ್ಟೇ ಹೇಳಿದಳು. ಆಟೋ ಬರುವವರೆಗೆ ಕಟ್ಟೆಯ ಮೇಲೆ ಚೀಲ ಹಿಡಿದು ಕೂತಿದ್ದಳು. ಬೀಳ್ಕೊಡಲು ಓಣಿಯಿಂದ ಯಾರೂ ಬರಲಿಲ್ಲ.

ಹುಸೇನಬಿ ಮೂರು ವರ್ಷ ನನ್ನ ಬೆನ್ನಿಗೆ ಮೊಟ್ಟೆಯ ತಟ್ಟೆಗಳನ್ನು ಕಟ್ಟಿ ಸಂತೆ ಸಂತೆ ತಿರುಗಿದಳು. ಆಕೆಯ ತಪ್ಪೇನೂ ಇಲ್ಲ. ನನ್ನ ಎಂಜಿನ್ನೇ ಸೋತಿತು. ಈಗ ಗುಜರಿಯ ಅಂಗಳದಲ್ಲಿ, ತುಕ್ಕು ಹಿಡಿದ ಕಪಾಟುಗಳ ನಡುವೆ ಮಲಗಿದ್ದೇನೆ. ಚಕ್ರಗಳನ್ನು ಆಗಲೇ ಬಿಚ್ಚಿದ್ದಾರೆ. ನಾಳೆಯೋ ನಾಡಿದ್ದೋ ಉಳಿದದ್ದನ್ನೂ ತೂಕಕ್ಕೆ ಹಾಕುತ್ತಾರೆ.

ಒಂದೇ ದಾರಿಯನ್ನು ಎರಡು ಸಲ ತುಳಿಯುವುದು ಚಕ್ರಕ್ಕೆ ಕಷ್ಟವಲ್ಲ. ಹೋದದ್ದೂ ಒಂದೇ, ಬಂದದ್ದೂ ಒಂದೇ. ಮನುಷ್ಯರಿಗೆ ಹಾಗಲ್ಲವೆಂದು ನಾನು ಕಂಡದ್ದು ಕರೆದ ಮನೆಗಳಿಗೆ ಮತ್ತೆ ಹೋದ ಆ ಐದು ದಿನಗಳಲ್ಲಿ. ಅವಳು ಅತ್ತದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಆದರೆ ನಾನು ಯಾವಾಗಲೂ ಕೆಳಗಿದ್ದೆ, ಅವಳ ತಲೆಯ ಮೇಲೆ ಹೆಲ್ಮೆಟ್ ಇತ್ತು. ನಾನು ನೋಡಲಿಲ್ಲ ಎಂದರೆ ಅವಳು ಅಳಲಿಲ್ಲ ಎಂದಲ್ಲ.