ಎರೆ ಮಣ್ಣಿನಲ್ಲೊಂದು ಅಡುಗೆಮನೆ

೧

ಎಲ್ಲಿಂದ ಶುರು ಮಾಡಲಿ? ಪ್ಲಾಟಿನ ಕಾಗದದಲ್ಲಾದರೆ ಚಕ್ಕುಬಂದಿ ಎಂದು ಬರೆಯುತ್ತಾರೆ: ಜಾಗದ ನಾಲ್ಕೂ ದಿಕ್ಕಿಗೆ ಯಾರ್ಯಾರು ಇದ್ದಾರೆ ಎಂಬ ವಿವರ. ಅದನ್ನೇ ಕದಿಯುತ್ತೇನೆ. ಈ ಕಥೆಯ ಪೂರ್ವಕ್ಕೆ ವೀರೇಶ, ಹೊಸದಾಗಿ ರಿಯಲ್ ಎಸ್ಟೇಟ್ ಏಜೆಂಟ್ ಆದವನು. ಪಶ್ಚಿಮಕ್ಕೆ ಸುಮಿತ್ರವ್ವ, ಬೆಟಗೇರಿಯ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುವವರು, ಮೂವತ್ತು ವರ್ಷದಲ್ಲಿ ಹನ್ನೊಂದು ಬಾಡಿಗೆ ಮನೆ ಕಂಡವರು. ಉತ್ತರಕ್ಕೆ ಸಿದ್ದಾರೂಢ, ವೀರೇಶನ ಗುರು. ದಕ್ಷಿಣಕ್ಕೆ ನೀವು. (ದಕ್ಷಿಣ ದಿಕ್ಕು ಆಗಿಬರುವುದಿಲ್ಲ ಎನ್ನುವವರು ಇಲ್ಲಿಂದಲೇ ಎದ್ದು ಹೋಗಬಹುದು, ಬೇಜಾರಿಲ್ಲ.) ನಡುವಿನ ಖಾಲಿ ಜಾಗದಲ್ಲಿ ಕಥೆ ಬರೆಯುವ ನಾನೊಂದು ಬೋರ್ಡು ನೆಟ್ಟು ಕೂತಿದ್ದೇನೆ.

೨

ಹರಿದು ಹಾಕಿದ ಮೊದಲ ಕರಡು: ‘ಗದುಗಿನ ಸುಡುಬಿಸಿಲಿನಲ್ಲಿ ಯುವಕನೊಬ್ಬ ಕನಸುಗಳನ್ನು ಮಾರುತ್ತ ಹೊರಟಿದ್ದ...’

ವೀರೇಶ ಓದಿ ಮುಖ ಕಿವುಚಿದ. "ಕನಸ ಅಲ್ರಿ, ಥರ್ಟಿ-ಫಾರ್ಟಿ ಸೈಟ್. ಮತ್ತ ಯುವಕ ಅನಬ್ಯಾಡ್ರಿ, ನನಗ ನಲವತ್ತೊಂದ. ಮಂದಿ ನಗತಾರ."

೩

ಹರ್ತಿಯ ಒಕ್ಕಲು ಮನೆತನದ ವೀರೇಶ ಲಕ್ಷ್ಮೇಶ್ವರದ ಬೀಜ-ಗೊಬ್ಬರದ ಅಂಗಡಿಯಲ್ಲಿ ಹದಿನಾರು ವರ್ಷ ಕೆಲಸ ಮಾಡಿದ್ದ. ಯಾರು ಬಂದರೂ ಅವನ ಮೊದಲ ಪ್ರಶ್ನೆ ಒಂದೇ: "ನಿಮ್ಮದು ಎರಿ ಹೊಲನೋ, ಮಸಾರಿನೋ?" ಎರೆ ಎಂದರೆ ಕಪ್ಪು ಮಣ್ಣು, ಕಡಲೆಗೂ ಹತ್ತಿಗೂ ಹೇಳಿ ಮಾಡಿಸಿದ್ದು. ಮಸಾರಿ ಕೆಂಪು. ಎರೆ ಎಂದವರಿಗೆ ಅವನು ತುಸು ಜಾಸ್ತಿ ಮರ್ಯಾದೆ ಕೊಡುತ್ತಿದ್ದ. ಮಾಲೀಕರು ಅಂಗಡಿ ಮುಚ್ಚಿದರು. ಏಜೆಂಟ್ ಆಗಲು ಏನೇನು ಬೇಕೆಂದು ಕೇಳಿಕೊಂಡು ಇವನು ಹಳೇ ಏಜೆಂಟ್ ಸಿದ್ದಾರೂಢನ ಬಳಿ ಹೋದ.

"ಎರಡ ಫೋನ್, ಒಂದ ಬಿಳಿ ಅಂಗಿ," ಎಂದ ಸಿದ್ದಾರೂಢ. "ದೂರ ಅನ್ನೂ ಶಬ್ದ ಮರತಬಿಡು. ಎಲ್ಲಾ ಇಲ್ಲೇ ಐತಿ. ಕೇಳಿದ್ದಕ್ಕ ಅಷ್ಟ ಹೇಳು, ಕೇಳಲಾರದ್ದು ನಿನ್ನ ಹೊಟ್ಟ್ಯಾಗ ಇರಲಿ."

ವೀರೇಶ ಅಂಗಿ ಹೊಲಿಸಿದ. ಹೊಟ್ಟೆಯ ವಿಷಯ ಮುಂದೆ ಬರುತ್ತದೆ.

೪

ಈಗ ಒಳ್ಳೆಯ ಏಜೆಂಟನನ್ನು ಆರಿಸುವುದು ಹೇಗೆಂದು ಸುಮಿತ್ರವ್ವನವರಿಂದ ಕಲಿಯೋಣ. (ಕಲಿತು ಕೆಡೋಣ ಎಂದೂ ಓದಿಕೊಳ್ಳಬಹುದು.) ಒಬ್ಬ ಕಾರಿನಿಂದ ಇಳಿಯದೇ ಕಿಟಕಿಯಿಂದ ಬೆರಳು ತೋರಿಸಿದ, ಅವನನ್ನು ಬಿಟ್ಟರು. ಇನ್ನೊಬ್ಬ "ಯುನಿವರ್ಸಿಟಿಗೆ ಹತ್ತ ನಿಮಿಷ" ಎಂದ. "ಯಾರ ಕಾಲಿಲೆ?" ಎಂದು ಕೇಳಿದರು. ಅವನೇ ಬಿಟ್ಟು ಹೋದ. ಮೂರನೆಯವನು ವೀರೇಶ. ನಾಗಾವಿ ರಸ್ತೆಯ ಲೇಔಟಿನಲ್ಲಿ, ಕಲ್ಲು ನೆಟ್ಟ ಗೆರೆ ದಾಟುವ ಮುಂಚೆ, ಅವನು ಚಪ್ಪಲಿ ಕಳಚಿಟ್ಟ.

ಮಣ್ಣಿಗೆ ಮರ್ಯಾದೆ ಕೊಡುವವನು ಮೋಸ ಮಾಡಲಾರ ಎಂದುಕೊಂಡರು ಅವರು. ಅವನಿಗೆ ಸೈಟು ಹೊಲದ ಹಾಗೆ ಕಂಡಿದೆ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

೫

ವೀರೇಶ ಬಗ್ಗಿ ಮಣ್ಣಿನ ಒಂದು ಹೆಂಟೆ ಎತ್ತಿ ಪುಡಿ ಮಾಡಿದ. "ಅಕ್ಕಾರ, ಇಂಥಾ ಎರಿ ಇಡೀ ತಾಲೂಕಿನ್ಯಾಗ ಸಿಗಂಗಿಲ್ಲ ನೋಡ್ರಿ. ಕಡ್ಲಿ ಚೆಲ್ಲಿದ್ರ ಸಾಕು."

ಸುಮಿತ್ರವ್ವನವರ ಕಣ್ಣು ತುಂಬಿತು. ತವರೂರು ಡೋಣಿಯ ಹೊಲವನ್ನು ಅಣ್ಣತಮ್ಮಂದಿರು ಹಂಚಿಕೊಂಡಾಗ, ನನಗೆ ಹಕ್ಕು ಬೇಡ ಎಂಬ ಕಾಗದಕ್ಕೆ ಇವರು ಸಹಿ ಹಾಕಿ ಕೊಟ್ಟಿದ್ದರು. ಇಷ್ಟು ವರ್ಷದ ಮೇಲೆ ಅವರ ಹೆಸರಿಗೆ ಒಂದು ತುಂಡು ನೆಲ ಬರುವುದಿತ್ತು, ಅದೂ ಎರೆ.

"ನಮ್ಮಪ್ಪ ಇದ್ದಿದ್ರ ಒಂದ ಚಿಟಿಕಿ ಬಾಯಾಗ ಹಾಕ್ಕೊಂತಿದ್ದ, ತಮ್ಮಾ."

ಇಬ್ಬರೂ ಕಡಲೆ, ಕುಸುಬೆ, ಹಿಂಗಾರಿ ಜೋಳ ಎಂದು ಕಾಲು ಗಂಟೆ ಮಾತಾಡಿದರು. ಮನೆಯ ಸುದ್ದಿ ಒಮ್ಮೆಯೂ ಬರಲಿಲ್ಲ. ಬಿಸಿಲಿಗೆ ಸೆರಗು ಹೊದ್ದು ಹೊರಡುವಾಗಷ್ಟೇ ಸುಮಿತ್ರವ್ವ, "ಅಡಗಿ ಮನಿ ಎಲ್ಲಿ ಬರತೈತೋ?" ಎಂದರು.

೬

ವೀರೇಶ ಅಲ್ಲೇ ಬಿದ್ದಿದ್ದ ಹತ್ತಿ ಕಟ್ಟಿಗೆ ತೆಗೆದುಕೊಂಡು ಗೆರೆ ಎಳೆಯತೊಡಗಿದ. ಇದು ಹಾಲ್, ಇದು ದೇವರ ಮನೆ, ಇದು ಅಡುಗೆ... ಅಡುಗೆಮನೆಯಲ್ಲಿ ಕಟ್ಟಿಗೆ ಬಿರುಕಿನೊಳಗೆ ಮೊಣಕಾಲುದ್ದ ಇಳಿಯಿತು.

ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಬೆಳೆಗೆ ಅದು ತಾಯಿ, ಗೋಡೆಗೆ ಮಲತಾಯಿ. ಆಳಕ್ಕೆ ಪಾಯ ತೆಗೆದು ಅಲುಗದ ಕಲ್ಲುಮಣ್ಣು, ಅಂದರೆ ಗರಸು, ತುಂಬಿ ಕಟ್ಟಬಹುದು, ಆದರೆ ಸುಮಿತ್ರವ್ವನವರ ಉಳಿತಾಯವೆಲ್ಲ ಪಾಯಕ್ಕೇ ಹೋಗಿಬಿಡುತ್ತದೆ. ಅವರು ಆಗಲೇ ಬೆನ್ನು ತಿರುಗಿಸಿ ರಸ್ತೆಯತ್ತ ನಡೆದಿದ್ದರು. ವೀರೇಶ ಕಟ್ಟಿಗೆ ಎಳೆದು ಬಿಸಾಕಿದ. ಬಿರುಕಿನ ಮಾತು ಹೊಟ್ಟೆಯಲ್ಲೇ ಉಳಿಯಿತು. ಸೋಮವಾರ ಕರಾರು ಪತ್ರ ಎಂದು ಮಾತಾಯಿತು.

೭

"ಆಕಿ ಬಿರುಕಿನ ಸುದ್ದಿ ಕೇಳಿದ್ಳೇನ?" ಎಂದ ಸಿದ್ದಾರೂಢ.

"ಇಲ್ಲ."

"ಮತ್ಯಾಕ ಮಾರಿ ಸಣ್ಣದ ಮಾಡೀಲೇ? ಮೊದಲನೇ ಗಿರಾಕಿ ಬಿಟ್ರ, ಇವಂದು ಕೈಗುಣ ಛಲೋ ಇಲ್ಲ ಅಂತಾರ. ಮುಂದ ಒಬ್ರೂ ಬರಂಗಿಲ್ಲ ನೋಡು."

ಇಲ್ಲಿ ನಾನು ಬಾಯಿ ಹಾಕಿದೆ. ಮೊದಲನೇ ಮುಕ್ತಾಯ: ವೀರೇಶ ಸುಮ್ಮನಿರುತ್ತಾನೆ, ಎರಡನೇ ಬೇಸಿಗೆಗೆ ಅಡುಗೆಮನೆ ಸೀಳುತ್ತದೆ, ಓದುಗರು ನಿಟ್ಟುಸಿರು ಬಿಡುತ್ತಾರೆ. "ನಿಮಗ ನಿಟ್ಟುಸಿರು, ಅವರಿಗೆ ಮನಿ," ಎಂದು ವೀರೇಶ ನನ್ನನ್ನೇ ದುರುಗುಟ್ಟಿ ನೋಡಿದ.

ಎರಡನೆಯದು ನನಗೆ ಬಹಳ ಇಷ್ಟವಾಗಿತ್ತು. ಅವನು ನಿಜ ಹೇಳುತ್ತಾನೆ. ಸುಮಿತ್ರವ್ವ ಮುಗುಳ್ನಕ್ಕು, ‘ನನಗ ಮೊದಲ ಗೊತ್ತಿತ್ತು ತಮ್ಮಾ, ನೀ ಹೇಳ್ತೀಯೋ ಇಲ್ಲೋ ಅಂತ ನೋಡಿದ್ನಿ’ ಎನ್ನುತ್ತಾರೆ. ಚಪ್ಪಾಳೆ.

"ಏ ಸಾಹೇಬ್ರ," ಎಂದರು ಸುಮಿತ್ರವ್ವ. "ನನ್ನ ಅಷ್ಟ ಶಾಣ್ಯಾಕಿ ಮಾಡಬ್ಯಾಡ್ರಿ. ನನಗೂ ಗೊತ್ತಾಗಿದ್ದಿಲ್ಲ. ಎರಿ ಅಂದ ಕೂಡ್ಲೆ ಮನಿ ಮರತ ಕುಂತಿದ್ನಿ."

ಪೆನ್ನಿನ ಮುಚ್ಚಳ ಹಾಕಿದೆ. ನನಗೆ ನಾಚಿಕೆಯಾಯಿತು.

೮

ಭಾನುವಾರ ಬೆಳಿಗ್ಗೆ ವೀರೇಶ ಅವರ ಹನ್ನೊಂದನೇ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ.

"ಆವತ್ತ ಯಾಕ ಹೇಳಲಿಲ್ಲ?"

"ಹೆದರಿಕಿ ಆತ್ರಿ. ನೀವು ಹ್ವಾದ್ರ ನನ್ನ ಕಡೆ ಯಾರೂ ಬರಂಗಿಲ್ಲ ಅಂತ."

ಸುಮಿತ್ರವ್ವ ಬಾಗಿಲು ಹಾಕಿಕೊಂಡರು. ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಬಂತು. ಅವರಿಗೆ ಸಿಟ್ಟು ವೀರೇಶನ ಮೇಲಷ್ಟೇ ಅಲ್ಲ, ಕೈಗೆ ಬಂದ ಎರೆ ಎರಡನೇ ಸಲ ಕೈಬಿಟ್ಟು ಹೋದದ್ದರ ಮೇಲೂ.

೧೦

(೯ ಎಲ್ಲಿ ಎಂದು ಹುಡುಕಬೇಡಿ, ಅದು ಲೇಔಟಿನ ರಸ್ತೆಗೆ ಹೋಯಿತು.)

ಮೂರು ದಿನದ ಮೇಲೆ ಫೋನ್ ಬಂತು. ಹಲೋ ಇಲ್ಲ, ಏನಿಲ್ಲ. "ಬ್ಯಾರೆ ಎಲ್ಲೇರ ಐತೇನ?" ವೀರೇಶ ಅವರನ್ನು ಬೈಕಿನಲ್ಲಿ ಮುಂಡರಗಿ ರಸ್ತೆಗೆ ಕರೆದುಕೊಂಡು ಹೋದ. ಗಾಡಿ ನಿಂತಿತು. ಸುಮಿತ್ರವ್ವ ಇಳಿಯದೆಯೇ ಕೇಳಿದರು:

"ಇದರಾಗ ಏನ ಬೆಳೀತೈತಿ?"

"ಏನೂ ಬೆಳಿಯಂಗಿಲ್ರಿ ಅಕ್ಕಾರ. ಬರೇ ಗರಸು, ಕಸ ಸುದ್ದಾ ಸರಿಯಾಗಿ ಏಳಂಗಿಲ್ಲ. ನಳದ ನೀರ ಇನ್ನೂ ಬಂದಿಲ್ಲ. ಬಸ್ ಸ್ಟ್ಯಾಂಡ್ ದೂರ ಐತಿ."

ದೂರ. ಉತ್ತರ ದಿಕ್ಕಿನಲ್ಲಿ ಸಿದ್ದಾರೂಢ ಹಣೆ ಚಚ್ಚಿಕೊಂಡಿರಬೇಕು.

ಸುಮಿತ್ರವ್ವ ಇಳಿದರು. ನಾನು ತಡೆಯಲಾರದೆ, ತಗೋತೀರಾ ಎಂದು ಕೇಳಿಬಿಟ್ಟೆ, ಮುಕ್ತಾಯ ಬರೆಯಬೇಕಲ್ಲ.

"ನೀವು ಅಲ್ಲೇ ನಿಂದರ್ರಿ," ಎಂದರು ಅವರು. "ಮೂವತ್ತ ವರ್ಷ ಮಂದಿ ಹೇಳಿದಲ್ಲೆ ಇದ್ದೇನಿ. ಇದೊಂದ ನಾನ ನೋಡಿ ಹೇಳ್ತೇನಿ."

ಅವರು ಒಬ್ಬರೇ ಒಳಗೆ ನಡೆದರು. ವೀರೇಶ ಇತ್ತ ನಿಂತಿದ್ದಾನೆ, ನಾನೂ ನಿಂತಿದ್ದೇನೆ. ಅವರಿನ್ನೂ ನೋಡುತ್ತಿದ್ದಾರೆ.