ಜಾಗ ಹಿಡಿಯಲು ಹೋದ ಎಲ್ಡನ್

ಜುಲೈ ನಾಲ್ಕು ಬಂತೆಂದರೆ ಅಮೆರಿಕದ ನೆಬ್ರಾಸ್ಕಾದ ನಮ್ಮ ಊರಿನಲ್ಲಿ ಮೊದಲು ಏಳುವುದು ಜಾಗದ ಜಗಳ. ಸ್ವಾತಂತ್ರ್ಯ ದಿನದ ಪಟಾಕಿ ಹಾರುವುದು ಕತ್ತಲಾದ ಮೇಲೆ. ಪಾರ್ಕಿನಲ್ಲಿ ಚಾದರ ಹಾಸುವುದು ಮಾತ್ರ ಬೆಳಗಿನ ಕಾಫಿಗಿಂತ ಮೊದಲು. ಬ್ಯಾಂಡಿನವರ ಕಟ್ಟೆಯ ಎದುರಿನ ಬಯಲೇ ಎಲ್ಲರಿಗೂ ಬೇಕು. ಮರಗಳ ಕೆಳಗೆ ನೆರಳಿದೆ, ಆದರೆ ಅಲ್ಲಿಂದ ಆಕಾಶ ಸರಿಯಾಗಿ ಕಾಣುವುದಿಲ್ಲ. ಜೊತೆಗೆ ಒಂದು ಕಟ್ಟಳೆ ಬೇರೆ, ಯಾರು ಮಾಡಿದರೋ ದೇವರೇ ಬಲ್ಲ. ಚಾದರದ ಮೇಲೆ ಆಳಿಲ್ಲದಿದ್ದರೆ ಯಾರು ಬೇಕಾದರೂ ಅದನ್ನು ಮಡಚಿ ಪಕ್ಕಕ್ಕಿಡಬಹುದು. ಹಾಗಾಗಿ ಪ್ರತಿ ಮನೆಯವರೂ ಒಬ್ಬರನ್ನು ಕಾವಲಿಗೆ ಕೂರಿಸುತ್ತಾರೆ. ಕೂರುವವರು ಮನೆಯ ಹಿರಿಯರು. ಅವರಿಗೇನು ಬೇರೆ ಕೆಲಸ ಎನ್ನುವುದು ನಮ್ಮ ಜಾಣತನ.

ಆರ್ಡಿತ್‌ಳ ಮನೆಯ ಕಾವಲುಗಾರ ಅವಳ ಗಂಡ ಎಲ್ಡನ್. ಎಪ್ಪತ್ತು ದಾಟಿದವನು. ಮಗ ಕರ್ಟ್ ಚಿಕ್ಕವನಿದ್ದಾಗಿನಿಂದಲೂ ಮುಂದಿನ ಸಾಲು ಬಿಟ್ಟುಕೊಟ್ಟವನಲ್ಲ. ಕಳೆದ ವರ್ಷ ಕರ್ಟ್‌ನ ಪುಟ್ಟ ಮಗಳು ಮೊದಲ ಸಲ ಪಟಾಕಿ ನೋಡಲು ಬರುವವಳಿದ್ದಳು. "ಅಪ್ಪಾ, ಈ ಸಲವಂತೂ ಮುಂದೇನೇ ಸಿಗ್ಬೇಕು" ಎಂದು ಕರ್ಟ್ ಫೋನಿನಲ್ಲಿ ಹೇಳಿದ್ದ. ಎಲ್ಡನ್ ನಸುಕಿಗೇ ಚಾದರ ಬಗಲಿಗೇರಿಸಿ ಹೊರಟ. ಆರ್ಡಿತ್ ಬೀಳ್ಕೊಡಲು ಗೇಟಿನವರೆಗೆ ಬಂದಳು.

ಅಲ್ಲಿ ಪಕ್ಕದ ಮನೆಯ ಜೋಲೀನ್ ಸಿಕ್ಕಳು. ಅವಳು ಊರಿನ ಆಂಬುಲೆನ್ಸಿನಲ್ಲಿ ಕೆಲಸ ಮಾಡುವವಳು.

"ಎಲ್ಡನ್, ಇವತ್ತಿನ ಸೆಕೆ ಸರಿಯಿಲ್ಲ. ಕೊಡೆ ತಗೊಂಡ್ರಾ?"

"ಕೊಡೆ ಬಿಚ್ಚಿದ್ರೆ ಹಿಂದೆ ಕೂತವ್ರು ಬೈತಾರೆ ಕಣಮ್ಮಾ."

"ನೀರಾದ್ರೂ?"

"ನೀರು ಕುಡಿದ್ರೆ ಏಳ್ಬೇಕು. ಎದ್ರೆ ಜಾಗ ಹೋಯ್ತು! ಕಕ್ಕಸು ಇರೋದು ಪಾರ್ಕಿನ ಆ ತುದೀಲಿ."

"ನೀವು ಬಿಪಿಗೆ ನೀರು ಹೋಗೋ ಮಾತ್ರೆ ತಗೋತೀರಿ. ಮೈಯಲ್ಲಿರೋ ನೀರನ್ನ ಅದೇ ಹೊರಗೆ ಹಾಕ್ತಿರುತ್ತೆ. ಕುಡೀದೆ ಬಿಸಿಲಲ್ಲಿ ಕೂತ್ರೆ ಈ ವಯಸ್ಸಿಗೆ ಮೈ ತಡೆಯಲ್ಲ."

"ಜೀವಮಾನ ಪೂರ್ತಿ ಊರಿನ ಛಾವಣಿ ಹೊದಿಸಿದವನು ನಾನು. ನನಗೇ ಬಿಸಿಲಿನ ಪಾಠ ಹೇಳ್ತೀಯಲ್ಲೇ!"

ಜೋಲೀನ್ ಆರ್ಡಿತ್‌ಳ ಮುಖ ನೋಡಿದಳು. ಆರ್ಡಿತ್ ನಕ್ಕುಬಿಟ್ಟಳು. "ಬಿಡೇ, ಅವನ ಹತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ." ಅವತ್ತು ಯಾಕಾದರೂ ನಕ್ಕೆನೋ ಎಂದು ಅವಳು ಈಗಲೂ ಹಲುಬುತ್ತಾಳೆ.

ಮಧ್ಯಾಹ್ನ ಅವಳು ಸ್ಯಾಂಡ್‌ವಿಚ್ಚು, ಆಲೂಗಡ್ಡೆ ಸಲಾಡು ಹಿಡಿದು ಬಂದಾಗ ಎಲ್ಡನ್‌ನ ಮುಖ ಕೆಂಪಾಗಿತ್ತು. ಊಟ ಮುಟ್ಟಲಿಲ್ಲ.

"ಕರ್ಟ್‌ನನ್ನ ಶಾಲೆಯಿಂದ ಕರ್ಕೊಂಡು ಬಂದ್ಯಾ?" ಎಂದು ಕೇಳಿದ.

ಕರ್ಟ್‌ಗೆ ನಲವತ್ತು ದಾಟಿದೆ. ಗಂಡನದು ತಮಾಷೆ ಎಂದುಕೊಂಡಳು ಆರ್ಡಿತ್.

"ಹೂಂ, ಮನೇಲಿ ಹೋಮ್‌ವರ್ಕ್ ಮಾಡ್ತಿದಾನೆ."

ಎಲ್ಡನ್ ನಗಲಿಲ್ಲ. "ತಲೆ ಸಿಡೀತಿದೆ, ಮಲಗ್ತೀನಿ" ಎಂದು ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡ. ಅವಳು ಹಣ್ಣಿನ ಕಡುಬು ಹಂಚುವ ಮೇಜಿನ ಕಡೆ ಹೋದಳು.

ಗೋಣಿಚೀಲದ ಓಟದ ಮಕ್ಕಳು ಅವನ ಚಾದರವನ್ನು ಬಳಸಿಕೊಂಡು ಓಡಿದರು. ಅಕ್ಕಪಕ್ಕದವರು ಅವನ ನಿದ್ದೆ ಕೆಡಬಾರದೆಂದು ಮೆಲ್ಲಗೆ ಮಾತಾಡಿದರು. ಹಬ್ಬದ ದಿನ ಮಲಗಿದವನನ್ನು ಎಬ್ಬಿಸುವ ಒರಟರಲ್ಲ ನಮ್ಮವರು. ಆ ಮರ್ಯಾದೆಗೆ ಬೆಂಕಿ ಬೀಳಲಿ.

ಸಂಜೆಯಾಗುತ್ತಲೇ ಬ್ಯಾಂಡು ರಾಷ್ಟ್ರಗೀತೆ ಶುರು ಮಾಡಿತು. ಇಡೀ ಪಾರ್ಕು ಎದ್ದು ಎದೆಯ ಮೇಲೆ ಕೈಯಿಟ್ಟು ನಿಂತಿತು. ಎಲ್ಡನ್ ಏಳಲಿಲ್ಲ. ಮುರಿದ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ವರ್ಷವೂ ಊರುಗೋಲು ಹಿಡಿದು ನಿಂತಿದ್ದವನು. "ಪಾಪ, ಮಲಗ್ಲಿ ಬಿಡಿ" ಎಂದರು ಯಾರೋ. ಊರೆದುರು ಮಾನ ಕಳೆದನಲ್ಲ ಎಂದು ಆರ್ಡಿತ್ ಗದರಿಸಲು ಬಂದಳು. ಟೋಪಿ ತೆಗೆದಳು. ಕಣ್ಣು ಅರೆತೆರೆದಿತ್ತು. ಮೈಯಲ್ಲಿ ಬೆವರಿನ ಒಂದು ಹನಿಯೂ ಇರಲಿಲ್ಲ, ಕೆನ್ನೆ ಕಾದ ಹೆಂಚಿನ ಹಾಗೆ ಸುಡುತ್ತಿತ್ತು.

ಅವಳ ಕೂಗಿಗೆ ಬ್ಯಾಂಡು ನಿಂತಿತು. ಜೋಲೀನ್ ಓಡಿ ಬಂದಳು. ಪಾನಕ, ಬಿಯರು ತಣ್ಣಗಿಟ್ಟ ಡಬ್ಬಗಳಿಂದ ಜನ ಮಂಜುಗಡ್ಡೆ ತಂದು ಸುರಿದರು. ಕತ್ತಿಗೆ, ಕಂಕುಳಿಗೆ, ತೊಡೆಸಂದಿಗೆ ಅದನ್ನು ಒತ್ತಿ, ಮೈತುಂಬ ನೀರು ಹೊಯ್ದು ಗಾಳಿ ಬೀಸಿದರು. ತುಂಬ ತಡವಾಗಿತ್ತು.

ಆಸ್ಪತ್ರೆಯ ಕಿಟಕಿಯಿಂದ ಪಟಾಕಿಯ ಸದ್ದು ಕೇಳುತ್ತಿತ್ತು. ಕರ್ಟ್ ಗೋಡೆಗೆ ಹಣೆ ಒತ್ತಿ ನಿಂತಿದ್ದ. "ಮುಂದೇನೇ ಬೇಕು ಅಂದವನು ನಾನು ಅಮ್ಮಾ" ಎಂದ.

"ಮಧ್ಯಾಹ್ನವೇ ನಿನ್ನನ್ನ ಕೂಗಿದ್ದಿದ್ರೆ?" ಎಂದು ಆರ್ಡಿತ್ ಜೋಲೀನಳನ್ನು ಕೇಳಿದಳು.

ಜೋಲೀನ್ ಅವಳ ಕೈ ಹಿಡಿದುಕೊಂಡಳು. ಸುಳ್ಳು ಹೇಳಲಿಲ್ಲ. "ಉಳೀತಿದ್ರೇನೋ, ಆರ್ಡಿತ್."

ವಾರ ತುಂಬುವ ಮೊದಲೇ ಎಲ್ಡನ್ ಹೋದ.

ಈ ವರ್ಷವೂ ಬಯಲಿನ ತುಂಬ ಚಾದರ, ಚಾದರಕ್ಕೊಬ್ಬ ಮುದುಕ. ಊರು ಏನೂ ಕಲಿಯಲಿಲ್ಲ. ಕರ್ಟ್‌ನ ಮನೆಯವರಷ್ಟೇ ಹೊತ್ತು ಮುಳುಗಿದ ಮೇಲೆ ಬಂದು ಮರದ ಕೆಳಗೆ ಕೂತರು. ಕೊಂಬೆಗಳ ಸಂದಿಯಲ್ಲಿ ಕಂಡಷ್ಟೇ ಪಟಾಕಿ ಸಾಕು ಎಂದರು. ಆರ್ಡಿತ್ ಮಾತ್ರ ಹಗಲೆಲ್ಲ ನೀರಿನ ಬಾಟಲಿ ಹಿಡಿದು ಬಯಲಲ್ಲಿ ಅಲೆದಳು. ಮಲಗಿದವರ ಭುಜ ಹಿಡಿದು ಅಲುಗಿಸಿದಳು. "ಇವತ್ತು ಯಾವ ದಿನ? ನಿನ್ನ ಹೆಸರೇನು?" ಎಂದು ಕೇಳಿದಳು.

"ಥೂ! ಒಳ್ಳೇ ನಿದ್ದೆ ಹಾಳು ಮಾಡಿದ್ಯಲ್ಲೇ! ತಲೆ ಕೆಟ್ಟಿದ್ಯಾ?" ಎಂದು ಒಬ್ಬ ಕೂಗಾಡಿದ.

"ಬೈಯಪ್ಪಾ, ಬಾಯ್ತುಂಬ ಬೈಯಿ" ಎಂದು ಅವನ ಕೈಗೆ ನೀರು ಕೊಟ್ಟು ಮುಂದಕ್ಕೆ ನಡೆದಳು.

ಬಂಧುಗಳೇ, ಹಬ್ಬದ ಜಾಗ ಕಾಯಲು ಹಿರಿಯರನ್ನು ಬಿಸಿಲಿಗೆ ಕೂರಿಸಬೇಡಿ. ಕೂತವರಿಗೆ ನೆರಳು ಮಾಡಿ, ಆಗಾಗ ನೀರು ಕುಡಿಸಿ, ಅವರು ಎದ್ದು ಹೋದಾಗ ಅವರ ಜಾಗ ನೀವು ಕಾಯಿರಿ. ಮಾತ್ರೆ ತೆಗೆದುಕೊಳ್ಳುವವರಿದ್ದರೆ ಬೇಸಿಗೆಗೆ ಮೊದಲೇ ಡಾಕ್ಟರನ್ನು ಕೇಳಿ. ಬಿಸಿಲಲ್ಲಿ ಕೂತವರು ಅಸಂಬದ್ಧ ಮಾತಾಡಿದರೆ ತಮಾಷೆ ಎಂದುಕೊಳ್ಳಬೇಡಿ. ಕೂಡಲೇ ಆಂಬುಲೆನ್ಸಿಗೆ ಫೋನ್ ಮಾಡಿ, ನೆರಳಿಗೆ ತಂದು ಮೈ ತಣ್ಣಗೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಬಿಸಿಲಲ್ಲಿ ಮಲಗಿದವರನ್ನು ಕಂಡರೆ ಎಬ್ಬಿಸಿ, ಬೈದರೆ ಬೈಸಿಕೊಳ್ಳಿ. ಎಲ್ಡನ್‌ನ ಬಾಯಿಂದ ಅಂಥ ಒಂದು ಬೈಗುಳ ಕೇಳಲು ಆರ್ಡಿತ್ ಏನು ಬೇಕಾದರೂ ಕೊಟ್ಟಾಳು.