ಕೆಂಪು ಜಾರಿದ ಪುಸ್ತಕ

ನಾನೊಂದು ಪುಸ್ತಕ, ಮಕ್ಕಳಿಗೆಂದು ಮಾಡಿದ ಚಿತ್ರಕಥೆ. ಹುಟ್ಟಿದ್ದು ಗದಗಿನ ಒಂದು ಸಣ್ಣ ಛಾಪಖಾನೆಯಲ್ಲಿ. ನನ್ನ ಹೆಸರು 'ಆರಿದ ದೀಪಗಳ ಊರು'. ಕಥೆ ಬರೆದವರು ಶಾಲೆಯ ಮಾಸ್ತರರೊಬ್ಬರು. ಚಿತ್ರ ಬರೆದವನು ನಾಟಕ ಕಂಪನಿಗಳಿಗೆ ಪರದೆ ಬರೆದು ಪಳಗಿದ ಕಲಾವಿದ. ಅರಮನೆ, ಕಾಡು, ಸ್ಮಶಾನ ಬರೆದ ಕೈಗೆ ನನ್ನ ಪುಟಗಳು ಅಂಗೈಯಗಲದ ಪರದೆಗಳಾಗಿ ಕಂಡಿರಬೇಕು. ಒಂದೊಂದರಲ್ಲೂ ಒಂದು ಲೋಕವನ್ನೇ ತುಂಬಿಬಿಟ್ಟಿದ್ದ.

ನನ್ನೊಳಗಿನ ಕಥೆ ಹೀಗಿದೆ. ಮಿಣಕಿ ಎಂಬ ಹುಡುಗಿಯ ಮನೆಯಲ್ಲಿ ಅಜ್ಜಿಯ ಕಾಲದಿಂದ ಉರಿಯುತ್ತಿದ್ದ ದೀಪ ಒಂದು ದಿನ ಆರಿಹೋಗುತ್ತದೆ. ಆರಿದ ಕುಡಿ ಎಲ್ಲಿಗೆ ಹೋಯಿತು ಎಂದು ಅವಳು ಎಲ್ಲರನ್ನೂ ಕೇಳುತ್ತಾಳೆ. ಆನೆಯಷ್ಟು ದೊಡ್ಡದಾದ ಮುಳ್ಳುಹಂದಿಯೊಂದು ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು, ಲೋಕದಲ್ಲಿ ಆರಿದ ದೀಪಗಳೆಲ್ಲ ಹೋಗಿ ಸೇರುವ ಊರಿಗೆ ಕರೆದೊಯ್ಯುತ್ತದೆ. ಅಲ್ಲಿ ಬತ್ತಿಯಿಲ್ಲದೆ, ಎಣ್ಣೆಯಿಲ್ಲದೆ ಕುಡಿಗಳು ಮನೆಮಾಡಿಕೊಂಡು ಬದುಕಿರುತ್ತವೆ. ಮಿಣಕಿಗೆ ತನ್ನ ಮನೆಯ ಕುಡಿ ಸಿಗುತ್ತದೆ. ಆದರೆ ಅದು ಅವಳ ಜೊತೆ ಬರಲಾರದು. ಅವಳು ಬರಿಗೈಯಲ್ಲಿ ಮನೆಗೆ ಮರಳುತ್ತಾಳೆ. ಕೊನೆಯ ಚಿತ್ರದಲ್ಲಿ ಅವಳು ಎರಡೂ ಕೈ ಚಾಚಿ ನಿಂತಿದ್ದಾಳೆ. ಕೈಯ ಪಕ್ಕದಲ್ಲೇ, ಊರ ಗೋಡೆಯ ಮೇಲೆ, ಕುಡಿ ನಿಂತು ಅವಳನ್ನು ಬೀಳ್ಕೊಡುತ್ತದೆ.

ಎಲ್ಲ ಪ್ರತಿಗಳಲ್ಲೂ ಹೀಗೇ ಇದೆ. ನನ್ನಲ್ಲಿ ಮಾತ್ರ ಬೇರೆ.

ಆ ಕಾಲಕ್ಕೆ ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿ ಅಚ್ಚು ಹಾಕಬೇಕಿತ್ತು. ಹಳದಿ, ನೀಲಿ, ಕಪ್ಪು ಎಲ್ಲ ಸರಿಯಾಗಿ ಬಿದ್ದವು. ಕೊನೆಗೆ ಕೆಂಪು ಹಾಕುವಾಗ ಯಂತ್ರದಲ್ಲಿ ಬ್ಲಾಕು ಸಡಿಲಾಯಿತು. ಯಾರಾದರೂ ನೋಡುವಷ್ಟರಲ್ಲಿ ಕೆಲವು ಹಾಳೆಗಳಲ್ಲಿ ಕೆಂಪು ಒಂದು ಬೆರಳಗಲ ಪಕ್ಕಕ್ಕೆ ಜಾರಿತ್ತು. ಅಂಥ ಹಾಳೆಗಳಿಂದ ಆದದ್ದು ನಾನು. ನನ್ನಲ್ಲಿ ಮಿಣಕಿಯ ತುಟಿಯ ಕೆಂಪು ಅವಳ ಕೆನ್ನೆಯ ಮೇಲಿದೆ. ದೀಪಗಳ ಕುಡಿಗಳು ದೀಪವನ್ನು ಬಿಟ್ಟು ಗಾಳಿಯಲ್ಲಿ ನಿಂತಿವೆ. ಕೊನೆಯ ಚಿತ್ರದಲ್ಲಿ ಗೋಡೆಯ ಮೇಲೆ ನಿಲ್ಲಬೇಕಾದ ಕುಡಿ ಜಾರಿ, ಸೀದಾ ಮಿಣಕಿಯ ಅಂಗೈಯೊಳಗೆ ಬಂದು ಕೂತಿದೆ.

"ಬಣ್ಣ ಸರದಾವು. ಎಲ್ಲಾ ರದ್ದಿಗೆ ಹಾಕು" ಎಂದರು ಮಾಲೀಕರು.

ಬೈಂಡಿಂಗ್ ಕೆಲಸದ ದ್ಯಾಮಣ್ಣ ಹಾಳೆಗಳನ್ನು ಎತ್ತಿಕೊಂಡವನು ಅಲ್ಲೇ ನಿಂತ. "ಧಣ್ಯಾರ, ಒಂದು ನಮ್ಮ ಹುಡುಗಿಗೆ ಹೊಲಕೊಂಡು ಒಯ್ಯಲೇನ್ರಿ?"

"ಒಯ್ಯಪಾ. ಆದ್ರ ನಮ್ಮ ಛಾಪಖಾನೀದು ಅಂತ ಯಾರ ಮುಂದೂ ಹೇಳಬ್ಯಾಡ."

ದ್ಯಾಮಣ್ಣ ನನ್ನ ಹಾಳೆಗಳನ್ನು ಮಡಚಿ, ದಬ್ಬಳದಿಂದ ಹೊಲಿದು, ರಟ್ಟಿಗೆ ಖಳಿ ಹಚ್ಚಿ ಅಂಟಿಸಿದ. ಲೆಕ್ಕವಿಲ್ಲದಷ್ಟು ಪುಸ್ತಕ ಹೊಲಿದ ಕೈ ಅದು. ಅವನು ಅವುಗಳಲ್ಲಿ ಒಂದನ್ನೂ ಓದಿರಲಿಲ್ಲ. ಅವನಿಗೆ ಅಕ್ಷರ ಬರುತ್ತಿರಲಿಲ್ಲ.

ಅವನ ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿ, ಒಂದೇ ಕೋಣೆಯದು. ಹೆಂಡತಿ ಫಕೀರವ್ವ ಮನೆಯ ಮುಂದೆ ಕೂತು ಮಗ್ಗದವರಿಗೆ ನೂಲು ಸುತ್ತಿ ಕೊಡುತ್ತಿದ್ದಳು. ಒಬ್ಬಳೇ ಮಗಳು ಸಾವಂತ್ರಿ. ಇನ್ನೂ ಶಾಲೆಗೆ ಹಾಕಿರಲಿಲ್ಲ. ನನ್ನನ್ನು ಅವಳ ತೊಡೆಯ ಮೇಲಿಟ್ಟಾಗ ಮೊದಲು ಮೂಸಿ ನೋಡಿದಳು. ಆಮೇಲೆ ಮುಳ್ಳುಹಂದಿಯ ಪುಟಕ್ಕೆ ಬಂದು, ಮುಂದಕ್ಕೆ ತಿರುವಲು ಒಪ್ಪಲಿಲ್ಲ.

ದ್ಯಾಮಣ್ಣ ನನ್ನನ್ನು ಓದಲಾರ. ಆದ್ದರಿಂದ ನೋಡಿ ನೋಡಿ ಕಥೆ ಕಟ್ಟಿದ. ಚಿತ್ರಗಳು ಎಷ್ಟು ಚೆನ್ನಾಗಿ ಮಾತಾಡುತ್ತಿದ್ದವೆಂದರೆ, ಅವನು ಕಟ್ಟಿದ ಕಥೆ ಬಹುಪಾಲು ನನ್ನ ಕಥೆಯೇ ಆಗಿತ್ತು. ಕೊನೆ ಮಾತ್ರ ಬೇರೆ. ಕೊನೆಯ ಪುಟಕ್ಕೆ ಬಂದಾಗ ಅವನು ದನಿ ತಗ್ಗಿಸುತ್ತಿದ್ದ. "ಆಮ್ಯಾಲ ಮಿಣಕಿ ಏನ ಮಾಡಿದ್ಲು? ದೀಪಾನ ಅಂಗೈಯಾಗ ಇಟ್ಕೊಂಡು, ಗಾಳಿ ತಾಗಧಂಗ ಮುಚ್ಚಿಕೊಂಡು, ಮನಿಗೆ ತಂದ್ಲು." ಅವನ ಕಣ್ಣೆದುರು ಇದ್ದದ್ದೂ ಅದೇ. ಸುಳ್ಳು ಹೇಳಿದವನು ಅವನಲ್ಲ, ನಾನು.

ಸಂಜೆಯ ಹೊತ್ತು ಓಣಿಯ ಮಕ್ಕಳೆಲ್ಲ ಬಂದು ಕೂರುತ್ತಿದ್ದರು. ಬರಬರುತ್ತ ದೊಡ್ಡವರೂ ಬಂದರು. ಮಗ್ಗದಿಂದ ಎದ್ದು ಬಂದ ಗಂಡಸರು ತಂಬಾಕು ಕೇಳುವ ನೆವದಲ್ಲಿ ಹಿಂದೆ ನಿಂತು ಕತ್ತು ಚಾಚುತ್ತಿದ್ದರು. ಗಂಡನನ್ನು ಕಳೆದುಕೊಂಡ ದುರಗಜ್ಜಿ ಎಂಬ ಮುದುಕಿ ದೀಪಗಳ ಊರಿನ ಚಿತ್ರ ಬಂದ ಕೂಡಲೇ "ತಡಿಯೋ ದ್ಯಾಮಾ" ಎನ್ನುತ್ತಿದ್ದಳು. ನನ್ನನ್ನು ಕಣ್ಣಿಗೆ ಹತ್ತಿರ ಹಿಡಿದು, ಮೂಲೆಯ ಮನೆಯೊಂದರಲ್ಲಿ ಸೊಟ್ಟಗೆ ನಿಂತ ಕುಡಿಯನ್ನು ಬೆರಳಿನಿಂದ ತೋರಿಸುತ್ತಿದ್ದಳು. "ನಮ್ಮ ಯಜಮಾನ್ರು. ಅಲ್ಲಿ ಹೋದ್ರೂ ನೆಟ್ಟಗ ನಿಂದ್ರಾಂಗಿಲ್ಲ ನೋಡು." ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಆ ಪುಟ ತಿರುವಲು ಬಿಡುತ್ತಿರಲಿಲ್ಲ. ಮಕ್ಕಳಿಗೆಂದು ನನ್ನನ್ನು ಮಾಡಿದವರಿಗೆ ಇದು ಗೊತ್ತಿತ್ತೋ ಇಲ್ಲವೋ. ಆರಿದ್ದು ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳು ಒಂದು ಸಲ ಕೇಳಿ ಆಟಕ್ಕೆ ಓಡುತ್ತಾರೆ. ವಯಸ್ಸಾದವರು ಅಲ್ಲೇ ಕೂತಿರುತ್ತಾರೆ.

ಸಾವಂತ್ರಿ ಶಾಲೆಗೆ ಸೇರಿದಳು. ಅಕ್ಷರ ಕಲಿತ ಹಾಗೆಲ್ಲ ನನ್ನ ಮೇಲೆ ಬೆರಳಿಟ್ಟು ಕೂಡಿಸಿ ನೋಡುತ್ತಿದ್ದಳು. ಒಂದು ದಿನ ಕೊನೆಯ ಪುಟದಲ್ಲಿ ತಡವರಿಸಿದಳು. "ಅಪ್ಪಾ, ಇಲ್ಲಿ 'ಬರಿ' ಅಂತ ಐತಿ."

ಅಲ್ಲಿದ್ದದ್ದು 'ಬರಿಗೈ'. ಮುಂದಿನ ಅಕ್ಷರಗಳನ್ನು ಕೂಡಿಸಲು ಅವಳಿಗೆ ಇನ್ನೂ ಬಂದಿರಲಿಲ್ಲ.

"ಬರಿ ಅಂದ್ರ ಬರೀಬೇಕು ಅಂತವ್ವಾ. ಓದಿ ಮುಗಿಸಿದವರು ಹೆಸರು ಬರೀಬೇಕಾಗಿರತೈತಿ" ಎಂದ ದ್ಯಾಮಣ್ಣ. ಅವಳು ಪೆನ್ಸಿಲ್ಲು ತಂದು, ನಾಲಿಗೆ ಕಚ್ಚಿಕೊಂಡು, ಚಿತ್ರದ ಕೆಳಗೆ ದೊಡ್ಡದಾಗಿ 'ಸಾವಂತ್ರಿ' ಎಂದು ಬರೆದಳು. ಒತ್ತಿ ಬರೆದದ್ದರಿಂದ ಅಕ್ಷರಗಳು ಹಾಳೆಯ ಹಿಂಬದಿಗೂ ಉಬ್ಬಿದವು.

ಮುಂದಿನ ವರ್ಷ ಅವಳಿಗೆ ವಿಷಮಶೀತ ಜ್ವರ ಬಂತು. ಬಿಟ್ಟ ಹಾಗೆ ಮಾಡಿ ಮತ್ತೆ ಮರಳಿತು. ಡಾಕ್ಟರರು ಬಂದು ಹೋಗುತ್ತಿದ್ದರು. ಕಥೆ ಕೇಳುವವರು ಯಾರೂ ಬರುತ್ತಿರಲಿಲ್ಲ. ದ್ಯಾಮಣ್ಣ ಕೆಲಸ ಬಿಟ್ಟು ಹಾಸಿಗೆಯ ಪಕ್ಕ ಕೂತು ನನ್ನನ್ನು ಬಿಚ್ಚುತ್ತಿದ್ದ. ಅವಳಿಗೆ ನನ್ನನ್ನು ಹಿಡಿಯುವ ಶಕ್ತಿಯಿರಲಿಲ್ಲ. ಅವನೇ ಎತ್ತಿ ಹಿಡಿಯುತ್ತಿದ್ದ. ಅವನ ಬೆವರಿನಿಂದ ನನ್ನ ರಟ್ಟು ಮೆತ್ತಗಾಯಿತು.

ಒಂದು ಮಧ್ಯಾಹ್ನ ಅವಳು ಕೊನೆಯ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಅಪ್ಪಾ, ನಾ ಅಲ್ಲಿಗೆ ಹ್ವಾದ್ರ ನೀ ಬರ್ತಿಯೇನ ಕರಿಯಾಕ?"

"ಬರ್ತೀನವ್ವಾ."

"ಹೆಂಗ ತರ್ತಿ?"

"ಅಂಗೈಯಾಗ ಇಟ್ಕೊಂಡು ತರ್ತೀನಿ. ಗಾಳಿ ತಾಗಗೊಡೂದಿಲ್ಲ."

ಅವಳು ಹೂಂ ಎಂದಳು. ಆ ಮಾತಿಗೆ ಸಮಾಧಾನವಾದವಳ ಹಾಗೆ ಕಣ್ಣು ಮುಚ್ಚಿದಳು. ಹೊತ್ತು ಮುಳುಗುವ ಮೊದಲೇ ಹೋಗಿಬಿಟ್ಟಳು.

ಫಕೀರವ್ವ ನನ್ನನ್ನು ಒಲೆಗೆ ಹಾಕಲು ಎತ್ತಿಕೊಂಡಳು. "ಇದನ್ನ ತೋರಿಸಿ ತೋರಿಸಿ ಹಾದಿ ಹೇಳಿಕೊಟ್ರಿ ನನ್ನ ಕೂಸಿಗೆ" ಎಂದು ಚೀರಿದಳು. ದ್ಯಾಮಣ್ಣ ಅವಳ ಕೈಯಿಂದ ನನ್ನನ್ನು ಬಿಡಿಸಿಕೊಂಡ. ರುಮಾಲಿನಲ್ಲಿ ಸುತ್ತಿ ಗೋಡೆಯ ಮಾಡದಲ್ಲಿಟ್ಟ. ವರ್ಷಗಟ್ಟಲೆ ನಾನು ಬೆಳಕು ಕಾಣಲಿಲ್ಲ. ಗಂಡಹೆಂಡತಿ ಮಾತಾಡುವುದೂ ಕಡಿಮೆಯಾಯಿತು. ನೂಲು ಸುತ್ತುವ ರಾಟೆಯ ಸದ್ದು ಮಾತ್ರ ಕೇಳುತ್ತಿತ್ತು.

ಅಕ್ಷರ ಬಾರದ ದೊಡ್ಡವರಿಗೆ ಓದು ಕಲಿಸುವ ಸಾಕ್ಷರತೆಯ ತರಗತಿಗಳು ಓಣಿಗೆ ಬರುವ ಹೊತ್ತಿಗೆ ದ್ಯಾಮಣ್ಣನ ಮೀಸೆ ಬೆಳ್ಳಗಾಗಿತ್ತು. ಕಲಿಸಲು ಬರುತ್ತಿದ್ದವಳು ಪದ್ಮಾ ಎಂಬ ಕಾಲೇಜು ಹುಡುಗಿ. ಬೇರೆ ಗಂಡಸರು ನಾಚಿ ತಪ್ಪಿಸಿಕೊಂಡರು. ದ್ಯಾಮಣ್ಣ ತಪ್ಪದೆ ಹೋದ. ಯಾಕೆಂದು ಯಾರೂ ಕೇಳಲಿಲ್ಲ. ಒಂದು ಭಾನುವಾರ ರುಮಾಲು ಬಿಚ್ಚಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡಾಗ ನನಗೆ ಗೊತ್ತಾಯಿತು.

ಅವನು ಮೊದಲ ಪುಟ ಬಿಟ್ಟು ಕೊನೆಯದನ್ನೇ ತೆರೆದ. ಪೆನ್ಸಿಲ್ಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದ. "ಸಾ... ವಂ... ತ್ರಿ." ಅವನು ನನ್ನಲ್ಲಿ ಓದಿದ ಮೊದಲ ಪದ ಅದು. ಮತ್ತೆ ಮತ್ತೆ ಓದಿದ. ಅಲ್ಲಿಗೇ ನಿಲ್ಲಿಸಲಿ ಎಂದು ನಾನು ಬೇಡಿಕೊಂಡೆ. ಆದರೆ ನನ್ನಂಥವರಿಗೆ ಮುಚ್ಚಿಕೊಳ್ಳುವ ಬಲ ಇರುವುದಿಲ್ಲ. ತೆರೆದವರ ಮುಂದೆ ಬಿದ್ದುಕೊಂಡಿರಬೇಕು, ಅಷ್ಟೇ. ಅವನ ಬೆರಳು ಮೇಲಕ್ಕೆ, ಅಚ್ಚಿನ ಸಾಲಿಗೆ ಹೋಯಿತು. "ಮಿಣಕಿ... ಬರಿಗೈಯಲ್ಲಿ..." ಬೆರಳು ಅಲ್ಲೇ ನಿಂತಿತು.

ಮರುದಿನ ನನ್ನನ್ನು ತರಗತಿಗೆ ಒಯ್ದ. "ಅಕ್ಕಾರ, ಅಚ್ಚಿನ್ಯಾಗ ಅಕ್ಷರ ತಪ್ಪು ಬೀಳ್ತಾವಲ್ಲೇನ್ರಿ?"

"ಬೀಳ್ತಾವು ಕಾಕಾ." ಪದ್ಮಾ ನನ್ನನ್ನು ತೆಗೆದುಕೊಂಡು ಹಿಂದಿನ ಎರಡು ಪುಟವನ್ನೂ ಓದಿ ನೋಡಿದಳು. "ಇಲ್ಲಿ ತಪ್ಪಿಲ್ಲ. ಆಕಿ ಬರಿಗೈಲೆ ಬರ್ತಾಳ. ಬಣ್ಣ ಸರದೈತಿ ನೋಡ್ರಿ, ಅದಕ್ಕ ದೀಪ ಕೈಯಾಗ ಇದ್ಧಂಗ ಕಾಣಸ್ತೈತಿ."

"ಹೌದ್ರಿ" ಎಂದ ದ್ಯಾಮಣ್ಣ. "ಬಣ್ಣ ಸರದದ್ದು ನನಗ ಗೊತ್ತಿತ್ತು."

ಮನೆಗೆ ಬಂದು ನನ್ನನ್ನು ನೆಲದ ಮೇಲಿಟ್ಟ. ಫಕೀರವ್ವ ರಾಟೆ ನಿಲ್ಲಿಸಿದಳು. ಅವನ ಮುಖ ನೋಡಿ ಹೆದರಿದ್ದಳು.

"ಆಕಿ ತರಲಿಲ್ಲಂತ, ಫಕೀರವ್ವಾ. ದೀಪ ಅಲ್ಲೇ ಉಳೀತಂತ. ನಾ ಸುಳ್ಳ ಹೇಳಿ ಕಳಿಸಿದೆ ಕೂಸಿಗೆ. ದಾರಿ ಕಾಯ್ಕೋಂತ ಕುಂತಿರ್ತಾಳ."

ಫಕೀರವ್ವ ಕೈಯಲ್ಲಿದ್ದ ನೂಲು ಕೆಳಗಿಟ್ಟಳು. ಆಮೇಲೆ, "ಖರೇ ಹೇಳಿದ್ರ ಹೋಗತಿದ್ದಿಲ್ಲೇನ್ರಿ?" ಎಂದಳು.

ಅವನು ಎದ್ದು ನನ್ನನ್ನು ಮತ್ತೆ ಮಾಡದಲ್ಲಿಟ್ಟ. ತರಗತಿಗೆ ಮತ್ತೆ ಹೋಗಲಿಲ್ಲ. ಕಲಿತ ಅಕ್ಷರವನ್ನು ಅಂಗಡಿಯ ಹಲಗೆ ಓದಲೂ ಬಳಸಲಿಲ್ಲ. ನನ್ನ ಕಡೆ ನೋಡುವುದನ್ನೇ ಬಿಟ್ಟ. ಕೆಲವು ವರ್ಷ ಹಾಗೇ ಸವೆದು, ಒಂದು ಬೇಸಿಗೆಯಲ್ಲಿ ತೀರಿಕೊಂಡ.

ಫಕೀರವ್ವ ನನ್ನನ್ನು ಸುಡಲಿಲ್ಲ, ಬಿಚ್ಚಲೂ ಇಲ್ಲ. ಮಾಡದ ಮುಂದೆ ಹಾಯುವಾಗ ಸೆರಗಿನಿಂದ ಧೂಳು ಒರೆಸಿ ಮುಂದೆ ಹೋಗುತ್ತಿದ್ದಳು. ಅವಳಿಗೆ ಕಣ್ಣು ಮಂಜಾದ ಕಾಲಕ್ಕೆ, ಹುಬ್ಬಳ್ಳಿಯಿಂದ ಹಳೆಯ ಸಾಮಾನು ಕೊಳ್ಳುವವನೊಬ್ಬ ಓಣಿಗೆ ಬಂದ. ಹಿತ್ತಾಳೆ, ಗಡಿಯಾರ, ಕಟ್ಟು ಹಾಕಿದ ಪಟ ಕೇಳುತ್ತಿದ್ದ. ನನ್ನನ್ನು ಕಂಡು ಅವನ ಕಣ್ಣು ಅರಳಿತು.

"ಇಂಥಾ ಹಳೇ ಮಕ್ಕಳ ಪುಸ್ತಕಕ್ಕ ಈಗ ದೊಡ್ಡವರೇ ಮುಗಿಬೀಳ್ತಾರಬೇ, ಯವ್ವಾ."

"ಒಯ್ಯಿಯಪ್ಪಾ. ನೋಡಾಕ ಮನ್ಯಾಗ ಯಾರೂ ಇಲ್ಲ" ಎಂದಳು. ಅವನು ಅಂಗಳ ದಾಟುವಷ್ಟರಲ್ಲಿ ಗೋಡೆ ಹಿಡಿದುಕೊಂಡು ಹಿಂದೆಯೇ ಬಂದಳು. "ಒಂದು ಹಾಳಿ ಬಿಟ್ಟು ಹೋಗು. ನನ್ನ ಮಗಳು ಗೀಚಿದ್ದು ಐತಿ." ಅವಳಿಗೆ ಓದಲು ಬರದು, ಕಣ್ಣೂ ಕಾಣದು. ಹಾಳೆಯ ಹಿಂಬದಿಯಲ್ಲಿ ಉಬ್ಬಿದ ಅಕ್ಷರಗಳನ್ನು ಬೆರಳಿನಿಂದ ಸವರಿ, ಇದೇ ಎಂದು ತೋರಿಸಿದಳು.

ಅವನು ಕೆಟ್ಟವನಲ್ಲ. ಬ್ಲೇಡು ತೆಗೆದು ನಾಜೂಕಾಗಿ ಆ ಹಾಳೆ ಕತ್ತರಿಸಿ ಅವಳ ಕೈಗಿಟ್ಟ. ಅವಳು ಅದನ್ನು ಮಡಚದೆ, ಎದೆಗೆ ಒತ್ತಿಕೊಂಡು ಒಳಗೆ ಹೋದಳು. ನಾನು ಅವಳನ್ನು ಕಂಡದ್ದು ಅದೇ ಕೊನೆ.

ಬೇರೆಯಾದ ಹಾಳೆ ಅಷ್ಟು ಅಂದವಾಗಿ ಕಂಡದ್ದೇ ಅವನಿಗೊಂದು ಉಪಾಯ ಹೊಳೆಸಿತು. ಅಂಗಡಿಗೆ ಹೋದವನೇ ನನ್ನ ಚಿತ್ರಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ಕಟ್ಟು ಹಾಕಿಸಿದ. ಮುಳ್ಳುಹಂದಿ ಒಂದು ಹೋಟೆಲಿನ ಗೋಡೆಗೆ ಹೋಯಿತು. ದೀಪಗಳ ಊರಿನ ಚಿತ್ರದ ಮುಂದೆ ನರೆಗೂದಲಿನ ಹೆಂಗಸೊಬ್ಬಳು ಕಣ್ಣು ಒದ್ದೆಮಾಡಿಕೊಂಡು ನಿಂತಳು. "ಸಣ್ಣಾಕಿ ಇದ್ದಾಗ ಈ ಪುಸ್ತಕ ನಮ್ಮನ್ಯಾಗ ಇತ್ತು. ಕಥಿ ಎಲ್ಲೈತ್ರಿ?" ಎಂದು ಕೇಳಿದಳು. "ಬರೇ ಚಿತ್ರ ಸಿಕ್ಕಾವ್ರಿ" ಎಂದ ಅವನು. ನಾನು ಮೇಜಿನ ಕೆಳಗೆ ಬಿದ್ದಿದ್ದೆ.

ಈಗ ನಾನಿರುವುದು ರದ್ದಿ ಕಾಗದದ ಗೋದಾಮಿನಲ್ಲಿ. ನನ್ನ ಪುಟಗಳಲ್ಲೆಲ್ಲ ಚೌಕಾಕಾರದ ತೂತು. ಚಿತ್ರದ ಬೆನ್ನಿಗಿದ್ದ ಅಕ್ಷರಗಳೂ ಚಿತ್ರದೊಂದಿಗೇ ಹೋದವು. ಕಾಗದ ಕಾರ್ಖಾನೆಗೆ ಹೋಗುವ ಲಾರಿ ಬಾಗಿಲಿಗೆ ಬಂದು ನಿಂತಿದೆ. ಅಲ್ಲಿ ನೆನೆಹಾಕಿ, ಅರೆದು, ರಟ್ಟು ಮಾಡುತ್ತಾರಂತೆ.

ಇಲ್ಲಿ ಕಾಗದ ಆರಿಸುವ ಹುಸೇನಬಿಗೆ ಐವತ್ತು ದಾಟಿರಬೇಕು. ಇವತ್ತು ಬೆಳಿಗ್ಗೆ ನಾನು ಅವಳ ಕೈಗೆ ಬಂದೆ. ಎಸೆಯುವ ಮೊದಲು ಸುಮ್ಮನೆ ಒಂದು ಸಾಲು ಓದಿದಳು. ಆಮೇಲೆ ಗೋಣಿಚೀಲದ ಮೇಲೆ ಕೂತುಬಿಟ್ಟಳು. ಜೊತೆಯವಳಿಗೆ ಕೇಳುವಂತೆ ಗಟ್ಟಿಯಾಗಿ ಓದಿದಳು. ದೀಪ ಆರಿತು, ಮುಳ್ಳುಹಂದಿ ಬಂತು, ಮಿಣಕಿ ಅದರ ಬೆನ್ನೇರಿದಳು, ಊರ ಬಾಗಿಲಿಗೆ ಬಂದು ನಿಂತಳು. ಬಾಗಿಲು ಕಾಯುವ ಗೋಸುಂಬೆ ಬಣ್ಣ ಬದಲಿಸುತ್ತ ಕೇಳಿತು: "ಯಾರನ್ನು ಹುಡುಕಿಕೊಂಡು ಬಂದೆ, ಮಗಳೇ?"

ಅಲ್ಲಿಂದ ಮುಂದೆ ತೂತು. ಹುಸೇನಬಿ ಪುಟ ತಿರುವಿದಳು. ಅಲ್ಲೂ ತೂತು. ಹಿಂದೆ ಮುಂದೆ ಮಗುಚಿ ನೋಡಿದಳು.

"ಮುಂದ ಏನಾತು?" ಎಂದಳು ಜೊತೆಯವಳು.

"ಯಾರಿಗ್ಗೊತ್ತು" ಎಂದು ಹುಸೇನಬಿ ನನ್ನನ್ನು ರಾಶಿಯ ಮೇಲಿಟ್ಟಳು. ಎದ್ದು ಹೋಗುತ್ತ ಒಮ್ಮೆ ಹಿಂತಿರುಗಿ ನೋಡಿದಳು.

ನನಗೆ ಗೊತ್ತು. ಆದರೆ ಕೊನೆಯ ಆ ಸಾಲು ಈಗ ನನ್ನಲ್ಲಿ ಇಲ್ಲ.